ಚುಂಗಾಣಿಗೆ ಒಪ್ಪವಿಡುವ ಕಲೆ

ಕೈಗಾರಿಕೆಯ ಚರಿತ್ರೆಯನ್ನು ಬರೆಯುವವರು ಮೂಲಸಾಮಗ್ರಿ, ಯಂತ್ರ, ವ್ಯಾಪಾರ ಇವುಗಳನ್ನು ಕುರಿತು ವಿಸ್ತಾರವಾಗಿ ಹೇಳುವುದುಂಟು. ಕೆಲಸದ ಕಡೆಯ ಹಂತವಾದ ಒಪ್ಪವಿಡುವಿಕೆಯನ್ನು ಮಾತ್ರ ಒಂದೆರಡು ಮಾತುಗಳಲ್ಲಿ ಮುಗಿಸಿಬಿಡುತ್ತಾರೆ. ಆದರೆ ಕುಶಲಕರ್ಮಿಯ ಪ್ರಾಮಾಣಿಕತೆ ಪರೀಕ್ಷೆಗೆ ಗುರಿಯಾಗುವುದು ಆ ಹಂತದಲ್ಲಿಯೇ. ಫ್ರಾನ್ಸ್ ದೇಶದ ಸೇಂಟ್ ಕ್ಲೋಡ್ ಪಟ್ಟಣದ ಮರದ ಚುಂಗಾಣಿಗಳ ಇತಿಹಾಸವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಜೂರಾ ಪರ್ವತಗಳ ನಡುವೆ ಬಿಯೆನ್ ನದಿಯ ತೀರದಲ್ಲಿರುವ ಈ ಪಟ್ಟಣವು 5ನೆಯ ಶತಮಾನದಲ್ಲಿ ಸ್ಥಾಪಿತವಾದ ಕ್ರೈಸ್ತಮಠವೊಂದರ ಸುತ್ತ ಬೆಳೆದುದು. ಅಲ್ಲಿಯ ಸಂತನ ದರ್ಶನಕ್ಕೆ ಬರುವ ಯಾತ್ರಿಕರಿಗೆ ಜಪಮಾಲೆಗಳನ್ನೂ ಸಣ್ಣಪುಟ್ಟ ಮರದ ಸಾಮಾನುಗಳನ್ನೂ ಕಡೆದು ಮಾರುವುದು ನಿವಾಸಿಗಳ ಕಸುಬಾಗಿದ್ದಿತು. ತಂಬಾಕಿನ ಚಟ ಯೂರೋಪಿನಲ್ಲಿ ಹರಡಿದ ಮೇಲೆ ಅದೇ ಕೈಗಳು ಚುಂಗಾಣಿಯನ್ನೂ ಕಡೆಯತೊಡಗಿದುವು. ಆದರೆ ಸಾಮಾನ್ಯವಾದ ಮರವು ಕೆಂಡದ ಕಾವಿಗೆ ಬೇಗನೆ ಸುಟ್ಟುಹೋಗುವುದು. ಮಣ್ಣಿನ ಚುಂಗಾಣಿಯೋ ಕೈಜಾರಿದರೆ ಒಡೆಯುವುದು.

1850ರ ದಶಕದಲ್ಲಿ ಈ ಕೊರತೆಯನ್ನು ನೀಗಿದುದು ಬ್ರಯರ್ ಎಂಬ ಮರ. ಮೆಡಿಟರೇನಿಯನ್ ಸಮುದ್ರದ ಸುತ್ತಣ ಒಣನೆಲಗಳಲ್ಲಿ ಬೆಳೆಯುವ ಪೊದೆಯೊಂದರ ಬೇರಿಗೂ ಕಾಂಡಕ್ಕೂ ನಡುವೆ ಉಂಟಾಗುವ ಗಂಟು ಇದು. ಇದು ಬಲು ಗಟ್ಟಿಯಾದುದು, ಕಾವನ್ನು ಸಹಿಸುವುದು. ಅಗೆದ ಗಂಟುಗಳನ್ನು ಒಣಗಿ ಬಿರಿಯದಂತೆ ತೇವದಲ್ಲಿಟ್ಟು, ತುಂಡುಗಳಾಗಿ ಕೊಯ್ದು, ಬಹಳ ಹೊತ್ತು ನೀರಿನಲ್ಲಿ ಕುದಿಸಿ ಒಗರನ್ನು ತೆಗೆದು, ಅನಂತರ ತಿಂಗಳುಗಟ್ಟಲೆ ನೆರಳಿನಲ್ಲಿ ಆರಿಸುವರು. ಕೆತ್ತನೆಯ ಕೆಲಸ ಮೊದಲಾಗುವುದು ಇಷ್ಟಾದ ಮೇಲೆ.

ಕೆತ್ತನೆ ಮುಗಿದ ಚುಂಗಾಣಿಯು ನೋಟಕ್ಕೆ ಮಂಕಾಗಿರುತ್ತದೆ. ಅದನ್ನು ಮೊದಲು ಒರಟು ಉಜ್ಜುಕಾಗದದಿಂದಲೂ, ಕ್ರಮವಾಗಿ ನುಣುಪಾದವುಗಳಿಂದಲೂ ಉಜ್ಜಬೇಕು. ಒಂದೊಂದು ಕಾಗದವೂ ಹಿಂದಿನದು ಉಳಿಸಿದ ಗೀರುಗಳನ್ನು ಅಳಿಸುವುದು. ನಡುವೆ ಒಂದನ್ನು ಬಿಟ್ಟರೆ ಆ ಸೋಮಾರಿತನವು ಬಣ್ಣ ಹಚ್ಚಿದೊಡನೆ ಬಯಲಾಗುವುದು. ಒದ್ದೆಬಟ್ಟೆಯಿಂದ ಒರೆಸಿದರೆ ಅಡಗಿದ್ದ ನಾರುಗಳು ಮೇಲಕ್ಕೇಳುತ್ತವೆ. ಅವನ್ನು ಮತ್ತೆ ಉಜ್ಜಿ ಸವೆಸುವರು. ತರುವಾಯ ಮದ್ಯಸಾರದಲ್ಲಿ ಕರಗಿಸಿದ ಬಣ್ಣ. 1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಎಂಬ ತರುಣನು ಡಾಂಬರಿನಿಂದ ಕೃತಕವರ್ಣವನ್ನು ಪಡೆದ ಬಳಿಕ ಇಂಥ ಬಣ್ಣಗಳು ಹೇರಳವಾದುವು. ಗಾಢವರ್ಣವನ್ನು ಹಚ್ಚಿ ಉಜ್ಜಿ ತೆಗೆದರೆ, ಮೆದುವಾದ ಭಾಗವು ಹೆಚ್ಚು ಬಣ್ಣ ಹೀರಿರುವುದರಿಂದ ಮರದ ಗೆರೆಗಳು ಎದ್ದು ತೋರುವುವು. ಕೊನೆಗೆ ತಿರುಗುವ ಬಟ್ಟೆಯ ಗಾಲಿಗೆ ಹಿಡಿದು ನುಣ್ಣನೆಯ ಪುಡಿಯಿಂದ ಮೆರುಗು ಕೊಟ್ಟು, ಬ್ರೆಜಿಲ್ ದೇಶದ ತಾಳೆಯ ಎಲೆಗಳಿಂದ ದೊರೆಯುವ ಕಾರ್ನೂಬಾ ಮೇಣವನ್ನು ಲೇಪಿಸುವರು. ಈ ಮೇಣವು ಗಾಲಿಯ ಘರ್ಷಣೆಯ ಕಾವಿನಿಂದಲೇ ಕರಗಿ ಮರದ ಮೇಲೆ ತೆಳ್ಳಗೆ ಹರಡುವುದು.

ಬ್ರಯರಿನಲ್ಲಿ ಎಷ್ಟೋ ವೇಳೆ ಮರಳಿನ ಕಣವೋ ಸಣ್ಣ ಕುಳಿಯೋ ಅಡಗಿರುತ್ತದೆ. ಕೆಲಸವೆಲ್ಲ ಮುಗಿಯುವ ಹೊತ್ತಿಗೆ ಅದು ಮೇಲಕ್ಕೆ ಬಂದರೆ ಮಾಡುವುದೇನು? ಅಂಟುಹಿಟ್ಟಿನಿಂದ ಮುಚ್ಚಿ, ಗಾಢವರ್ಣವನ್ನು ಬಳಿದು, ಮೇಲೆ ವಾರ್ನಿಷು ಹಚ್ಚುವುದು ಸುಲಭದ ಮಾರ್ಗ. ಅಂಗಡಿಯಲ್ಲಿ ಅದು ಕನ್ನಡಿಯಂತೆ ಹೊಳೆಯುವುದು. ಆದರೆ ವಾರ್ನಿಷು ಕಾವಿಗೆ ಗುಳ್ಳೆಯೆದ್ದು ಸುಲಿಯುವುದು. ಮರ ಹೀರುವಂತೆ ಹಿಟ್ಟು ಬಣ್ಣವನ್ನು ಹೀರದಾದ ಕಾರಣ ಮುಚ್ಚಿದ ಕುಳಿಯು ಕಾಲಕ್ರಮದಲ್ಲಿ ಬಿಳಿಚಿದ ಚುಕ್ಕೆಯಾಗಿ ಸಾಕ್ಷಿ ನುಡಿಯುವುದು. ಮತ್ತೊಂದು ಮಾರ್ಗವೂ ಉಂಟು. ಲಂಡನ್ನಿನ ಡನ್‌ಹಿಲ್ ಸಂಸ್ಥೆಯವರು 1917ರಲ್ಲಿ ಮರಳನ್ನು ರಭಸದಿಂದ ಊದಿ ಮೆದುಭಾಗವನ್ನು ಸವೆಸಿ, ಗಟ್ಟಿಗೆರೆಗಳು ಉಬ್ಬಿನಿಲ್ಲುವ ಚುಂಗಾಣಿಗಳನ್ನು ಹೊರತಂದರು. ಇಂಥ ಮೈಯಲ್ಲಿ ಕುಳಿಯು ದೋಷವೆನಿಸದೆ ರೂಪದಲ್ಲಿ ಲೀನವಾಗುವುದು. ಮೊದಲನೆಯದು ವಂಚನೆ, ಎರಡನೆಯದು ಕಲೆ. ಎರಡಕ್ಕೂ ಕಾರಣವಾದ ಕುಳಿ ಮಾತ್ರ ಒಂದೇ.

ಈ ಕಸುಬಿನ ಊರು ದೊಡ್ಡ ಕಷ್ಟಗಳನ್ನೂ ಕಂಡಿತು. 1944ರ ಏಪ್ರಿಲ್ 9ರಂದು, ಈಸ್ಟರ್ ಹಬ್ಬದ ದಿನ, ಜರ್ಮನ್ ಸೈನ್ಯವು ಪಟ್ಟಣದ ಗಂಡಸರನ್ನು ಚೌಕದಲ್ಲಿ ನೆರೆಸಿ ಸುಮಾರು 300 ಮಂದಿಯನ್ನು ಸೆರೆಹಿಡಿದು ಬೂಖೆನ್‌ವಾಲ್ಡ್ ಶಿಬಿರಕ್ಕೆ ಸಾಗಿಸಿತು, ಅನೇಕರು ಮರಳಲಿಲ್ಲ. ಅನಂತರ ಸಿಗರೇಟು ಚುಂಗಾಣಿಯನ್ನು ಹಿಂದೆ ಹಾಕಿತು. 1950ರಲ್ಲಿ ಡಾಲ್ ಮತ್ತು ಹಿಲ್ ಎಂಬ ವಿದ್ವಾಂಸರು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಪ್ರಕಟಿಸಿದರು. ಚುಂಗಾಣಿಯೂ ನಿರಪಾಯವಲ್ಲವೆಂಬುದು ಮುಂದೆ ಸ್ಥಿರಪಟ್ಟಿತು. ಇಂದು ಆ ಊರಿನಲ್ಲಿ ಉಳಿದಿರುವ ಕಾರ್ಯಶಾಲೆಗಳು ಕೆಲವೇ.

ಹೊಗೆಯ ಚಟವು ಅಳಿದರೆ ಲೋಕಕ್ಕೆ ನಷ್ಟವಿಲ್ಲ. ಆದರೆ ವಸ್ತುವಿನ ಸ್ವರೂಪವನ್ನು ಮುಚ್ಚದೆ ಬೆಳಗಿಸುವುದೇ ನಿಜವಾದ ಒಪ್ಪವೆಂಬ ತಿಳಿವಳಿಕೆಯನ್ನು ಆ ಕೈಗಳು ಗಳಿಸಿದ್ದುವು. ಚುಂಗಾಣಿಯೊಡನೆ ಅದೂ ಅಳಿಯಬೇಕಾದುದಿಲ್ಲ.