ಓವರ್‌ಸಿಯರ್‌ಗೆ ತೆರೆದ ಬಾಗಿಲು

1847ರಲ್ಲಿ ರೂರ್ಕಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಕಾಲೇಜು ಶುರುವಾದಾಗ ಅಲ್ಲೇ ಗಂಗಾ ಕಾಲುವೆಯ ಕೆಲಸ ನಡೆದಿತ್ತು. ನೂರಾರು ಮೈಲಿ ಉದ್ದದ ಆ ಕಾಲುವೆಗೆ ಮಟ್ಟ ನೋಡುವವರು, ನಕ್ಷೆ ಬರೆಯುವವರು, ಅಗೆದ ಮಣ್ಣಿನ ಅಳತೆ ಬರೆದಿಡುವವರು ಬೇಕಾಗಿದ್ದರು. ಅಷ್ಟೂ ಜನರನ್ನು ಇಂಗ್ಲೆಂಡಿನಿಂದ ಹಡಗು ಹತ್ತಿಸಿ ತರುವುದು ಆಗದ ಮಾತಾಗಿತ್ತು. ಹೀಗೆ ಕೆಲಸ ಮೊದಲು ಬಂತು, ಕಾಲೇಜು ಅದರ ಹಿಂದೆ ಬಂತು.

ಕಾಲೇಜಿನಲ್ಲಿ ಮೂರು ವಿಭಾಗಗಳಿದ್ದವು. ಮೊದಲನೆಯದರಲ್ಲಿ ಓದಿದವರು ಇಂಜಿನಿಯರ್‌ಗಳಾಗುತ್ತಿದ್ದರು. ಎರಡನೆಯದು ಬ್ರಿಟಿಷ್ ಸಿಪಾಯಿಗಳನ್ನು ಓವರ್‌ಸಿಯರ್ (ಮೇಲ್ವಿಚಾರಕ) ಕೆಲಸಕ್ಕೆ ತಯಾರು ಮಾಡುತ್ತಿತ್ತು. ಮೂರನೆಯದು ಭಾರತೀಯ ಹುಡುಗರಿಗೆ ಮೋಜಣಿ, ಮಟ್ಟ, ನಕ್ಷೆ ಕಲಿಸಿ ಕೆಳಗಿನ ಹುದ್ದೆಗೆ ಕಳಿಸುತ್ತಿತ್ತು. 1854ರಲ್ಲಿ ಪುಣೆಯಲ್ಲಿ ಆರಂಭವಾದ ಶಾಲೆಯ ಉದ್ದೇಶವೂ ಲೋಕೋಪಯೋಗಿ ಇಲಾಖೆಗೆ ಅಧೀನ ನೌಕರರನ್ನು ಒದಗಿಸುವುದೇ ಆಗಿತ್ತು. ಮೇಲಿನ ಹುದ್ದೆಗಳಿಗೆ ಜನರನ್ನು ಸಿದ್ಧಪಡಿಸಲು 1871ರಲ್ಲಿ ಇಂಗ್ಲೆಂಡಿನ ಕೂಪರ್ಸ್ ಹಿಲ್‌ನಲ್ಲಿ ಬೇರೆಯೇ ಕಾಲೇಜು ಕಟ್ಟಲಾಯಿತು; ಅದು 1906ರವರೆಗೆ ನಡೆಯಿತು. ಯಾರು ಎಲ್ಲಿ ಓದಿದರು ಎಂಬುದರ ಮೇಲೆಯೇ ಯಾರು ಎಲ್ಲಿಯವರೆಗೆ ಏರಬಹುದು ಎಂಬುದೂ ನಿಂತಿತ್ತು.

ಮೈಸೂರು ಸೀಮೆಗೆ ಕಟ್ಟುವ ವಿದ್ಯೆ ಹೊಸದಾಗಿರಲಿಲ್ಲ. ಕೆರೆಯ ಏರಿ ಎಲ್ಲಿ ಹಾಕಬೇಕು, ತೂಬು ಎಷ್ಟು ಆಳಕ್ಕೆ ಇಳಿಯಬೇಕು, ಕೋಡಿ ಯಾವ ಕಡೆ ಹರಿಯಬೇಕು ಎಂಬುದನ್ನು ತಲೆಮಾರುಗಳಿಂದ ಬಲ್ಲವರು ಇಲ್ಲಿದ್ದರು. 1856ರಲ್ಲಿ ಬ್ರಿಟಿಷ್ ಕಮಿಷನರ್ ಕಬ್ಬನ್ ಆಡಳಿತದಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿದಾಗ ಅವರ ವಿದ್ಯೆಗೆ ಕಚೇರಿಯಲ್ಲಿ ಜಾಗ ಸಿಗಲಿಲ್ಲ. ಕಲ್ಲು ಒಡೆಯುವವರು, ಮಣ್ಣು ಹೊರುವವರು, ಗಾರೆ ಮೇಸ್ತ್ರಿಗಳು ಎಲ್ಲರೂ ದಿನಗೂಲಿಯ ಪಟ್ಟಿಗೆ ಸೇರಿದರು.

ಕಚೇರಿಗೆ ದಾರಿ ಇದ್ದದ್ದು ಪರೀಕ್ಷೆಯ ಮೂಲಕ, ಅದೂ ಊರು ಬಿಟ್ಟು ಹೋದವರಿಗೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಗೆ ಹೋದರು. 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ, ಮರುವರ್ಷ ಮುಂಬಯಿ ಪ್ರಾಂತ್ಯದ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಆದರು. ಆ ದಾರಿ ಎಷ್ಟು ಇಕ್ಕಟ್ಟಿನದೆಂದು ಸ್ವತಃ ನಡೆದು ತಿಳಿದವರು ಅವರು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ ಬಂದರು. 1911ರಲ್ಲಿ ಕನ್ನಂಬಾಡಿಯಲ್ಲಿ ಸುರ್ಕಿ ಗಾರೆಯ ಅಣೆಕಟ್ಟು ಏಳತೊಡಗಿತು. ಅವರು ದಿವಾನರಾಗಿದ್ದಾಗಲೇ, 1917ರಲ್ಲಿ, ಬೆಂಗಳೂರಿಗೆ ಸ್ವಂತ ಇಂಜಿನಿಯರಿಂಗ್ ಕಾಲೇಜು ಬಂತು. ಇಂದು ಯುವಿಸಿಇ ಎನ್ನುವುದು ಅದನ್ನೇ.

ಆದರೆ ಕಾಲೇಜಿನ ಮೆಟ್ಟಿಲು ಹತ್ತಲು ಆಗದವರ ಗತಿ?

ಇದಕ್ಕೆ ಉತ್ತರ ಬಂದದ್ದು ವೃತ್ತಿಸಂಘದ ಕಡೆಯಿಂದ. ಲಂಡನ್ನಿನಲ್ಲಿ 1818ರಲ್ಲಿ ಕೆಲವು ಯುವ ಇಂಜಿನಿಯರ್‌ಗಳು ಕಾಫಿಹೌಸ್ ಒಂದರಲ್ಲಿ ಕೂಡಿ ಸಿವಿಲ್ ಇಂಜಿನಿಯರ್‌ಗಳ ಸಂಸ್ಥೆ ಕಟ್ಟಿಕೊಂಡಿದ್ದರು. 1828ರಲ್ಲಿ ಅದಕ್ಕೆ ರಾಜಸನ್ನದು ದೊರೆತಿತ್ತು. ಭಾರತಕ್ಕೂ ಅಂಥದೊಂದು ಬೇಕೆಂಬ ಮಾತು ಸರ್ ಥಾಮಸ್ ಹಾಲೆಂಡ್ ಅಧ್ಯಕ್ಷತೆಯ ಕೈಗಾರಿಕಾ ಆಯೋಗದ ಕಾಲದಲ್ಲಿ ಗಟ್ಟಿಯಾಯಿತು. 1920ರಲ್ಲಿ ಮದ್ರಾಸಿನಲ್ಲಿ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ನೋಂದಣಿಯಾಯಿತು, ಮರುವರ್ಷ ಕಲ್ಕತ್ತೆಯಲ್ಲಿ ವೈಸ್‌ರಾಯ್ ಚೆಲ್ಮ್ಸ್‌ಫರ್ಡ್ ಅದನ್ನು ಉದ್ಘಾಟಿಸಿದ. ರಾಜಸನ್ನದು ಬಂದದ್ದು 1935ರಲ್ಲಿ.

ಈ ಸಂಸ್ಥೆ ಮಾಡಿದ ದೊಡ್ಡ ಕೆಲಸ 1928ರಿಂದ ನಡೆಸಿದ ಪರೀಕ್ಷೆ. ಮುಂದೆ ಎಎಂಐಇ ಎಂದು ಮನೆಮಾತಾದ ಈ ಪರೀಕ್ಷೆಗೆ ತರಗತಿಯ ಹಾಜರಿ ಬೇಕಿರಲಿಲ್ಲ. ಹಗಲೆಲ್ಲ ಸೈಟಿನಲ್ಲಿ ಅಳತೆ ಪುಸ್ತಕ ಬರೆದವನು ರಾತ್ರಿ ಓದಿ, ಸೆಕ್ಷನ್ ಎ, ಸೆಕ್ಷನ್ ಬಿ ಎಂದು ಒಂದೊಂದೇ ವಿಷಯ ಮುಗಿಸಬಹುದಿತ್ತು. ಎರಡೂ ದಾಟಿದವನನ್ನು ಸರ್ಕಾರ ಬಿ.ಇ. ಪದವೀಧರನಿಗೆ ಸಮಾನನೆಂದು ಒಪ್ಪಿತು. ರೂರ್ಕಿಯ ಕಾಲದಿಂದ ಓವರ್‌ಸಿಯರ್‌ಗೂ ಇಂಜಿನಿಯರ್‌ಗೂ ನಡುವೆ ನಿಂತಿದ್ದ ಗೋಡೆಯಲ್ಲಿ ತೆರೆದ ಮೊದಲ ಬಾಗಿಲುಗಳಲ್ಲಿ ಇದೊಂದು. ಅದು ಸುಲಭದ ಬಾಗಿಲಾಗಿರಲಿಲ್ಲ. ಸಂಸಾರ, ವರ್ಗಾವಣೆ, ಬಿಲ್ಲುಗಳ ನಡುವೆ ಓದಿ ಬರೆಯುವವರಿಗೆ ವರ್ಷಗಳೇ ಹಿಡಿಯುತ್ತಿದ್ದವು.

ಕಾಲೇಜುಗಳೂ ಹೆಚ್ಚುತ್ತ ಬಂದವು. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ಬಂದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ವೃತ್ತಿಶಿಕ್ಷಣಕ್ಕೆ ಬಿಟ್ಟುಕೊಟ್ಟರು. ಆ ಹಣದ ನೆರವಿನಿಂದ 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಶುರುವಾಯಿತು. ಈಗಿನ ಎಸ್‌ಜೆ ಪಾಲಿಟೆಕ್ನಿಕ್ ಅದೇ. 1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ಬಸವನಗುಡಿಯ ಬಿಎಂಎಸ್ ಕಾಲೇಜನ್ನು ಸ್ಥಾಪಿಸಿದರು; ಅದೇ ವರ್ಷ ಮೈಸೂರಿನಲ್ಲಿ ಎನ್ಐಇ ಕಾಲೇಜು ಹುಟ್ಟಿತು. 1960ರಲ್ಲಿ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಸೇರಿಕೊಂಡಿತು. ಡಿಪ್ಲೊಮಾ ಮಾಡಿ ನೌಕರಿ ಹಿಡಿದವರಿಗಾಗಿ ಬೆಂಗಳೂರಿನಲ್ಲಿ ಸಂಜೆಯ ಬಿ.ಇ. ತರಗತಿಗಳೂ ನಡೆದವು.

ಇಷ್ಟಾದರೂ ಒಂದು ಕೊರತೆ ಹಾಗೇ ಉಳಿಯಿತು. 1972ರ ಕಾಯ್ದೆ ವಾಸ್ತುಶಿಲ್ಪಿಗಳಿಗೆ ನೋಂದಣಿಯನ್ನೂ ಪರಿಷತ್ತನ್ನೂ ಕೊಟ್ಟಿತು. ಸಿವಿಲ್ ಇಂಜಿನಿಯರ್‌ಗಳಿಗೆ ದೇಶಕ್ಕೆಲ್ಲ ಅನ್ವಯಿಸುವ ಅಂಥ ಕಾಯ್ದೆ ಬರಲಿಲ್ಲ. ಇನ್‌ಸ್ಟಿಟ್ಯೂಷನ್ ತನ್ನ ಸದಸ್ಯರಿಗೆ ಚಾರ್ಟರ್ಡ್ ಇಂಜಿನಿಯರ್ ಎಂಬ ಮನ್ನಣೆ ಕೊಡುತ್ತದೆ, ಆದರೆ ಅದಿಲ್ಲದವರು ಕೆಲಸ ಮಾಡಬಾರದೆಂದು ತಡೆಯುವ ಅಧಿಕಾರ ಅದಕ್ಕಿಲ್ಲ.

ಇತ್ತ ಎಎಂಐಇಯ ಬಾಗಿಲೂ ಕಿರಿದಾಯಿತು. ಕೇಂದ್ರ ಸರ್ಕಾರದ ಸಮಾನತೆಯ ಮನ್ನಣೆ 2013ರ ಮೇ 31ರವರೆಗೆ ನೋಂದಾಯಿಸಿಕೊಂಡವರಿಗೆ ಸೀಮಿತವಾಯಿತು. ಈಗ ಕರ್ನಾಟಕದ ಡಿಪ್ಲೊಮಾ ವಿದ್ಯಾರ್ಥಿಗಳು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎರಡನೇ ವರ್ಷದ ಬಿ.ಇ.ಗೆ ಸೇರಬಹುದು. ಪಾಲಿಟೆಕ್ನಿಕ್ ಮುಗಿಸಿದ ಕೂಡಲೇ ಓದು ಮುಂದುವರಿಸುವವರಿಗೆ ಇದು ಒಳ್ಳೆಯ ದಾರಿ. ಹತ್ತು ವರ್ಷ ಸೈಟಿನಲ್ಲಿ ದುಡಿದು ಮನೆ ನಡೆಸುತ್ತಿರುವ ಸೂಪರ್‌ವೈಸರ್‌ಗೆ ಹಗಲಿನ ತರಗತಿ ಎಟುಕುವುದಿಲ್ಲ. ಇಂಜಿನಿಯರ್‌ಗಳ ನೋಂದಣಿಗೆ ಮುಂದೆ ಕಾಯ್ದೆ ಬರುವುದಾದರೆ, ಅದರ ಅರ್ಹತೆಯ ಪಟ್ಟಿಯಲ್ಲಿ ಪದವಿಯ ಪಕ್ಕದಲ್ಲೇ ಪರೀಕ್ಷೆಗೆ ಒಳಪಟ್ಟ ಈ ಅನುಭವಕ್ಕೂ ಒಂದು ಕಲಮು ಇರಬೇಕು.