ಕ್ಲಾಸ್ ಡಯಾಗ್ರಾಂ ಬರೆದರೆ ಕೋಡ್ ತಾನಾಗಿಯೇ ಸಿದ್ಧವಾಗುತ್ತದೆಯೇ?

ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರ ಬಂದಾಗ "ಡಯಾಗ್ರಾಂ ಬರೆದರೆ ಸಾಕು, ಕೋಡ್ ಅದೇ ಬರುತ್ತೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಅರ್ಧ ಸತ್ಯ.

ಕ್ಲಾಸ್ ಡಯಾಗ್ರಾಂ ಎಂದರೆ ತಂತ್ರಾಂಶದ ಭಾಗಗಳನ್ನೂ ಅವುಗಳ ಸಂಬಂಧವನ್ನೂ ತೋರಿಸುವ ನಕ್ಷೆ. ಇದನ್ನು ಬರೆಯುವ ಯುಎಂಎಲ್ ಪದ್ಧತಿ 1997ರಲ್ಲಿ ಮಾನಕವಾಯಿತು. ಗ್ರಂಥಾಲಯದ ತಂತ್ರಾಂಶಕ್ಕೆ 'ಪುಸ್ತಕ', 'ಸದಸ್ಯ' ಎಂಬ ಎರಡು ಚೌಕ ಬರೆದು, ಸದಸ್ಯನ ಚೌಕದಲ್ಲಿ 'ದಂಡ ಲೆಕ್ಕ' ಎಂದು ಸೇರಿಸಿದಿರಿ ಅಂದುಕೊಳ್ಳಿ. ಟೂಲ್ ಆ ಹೆಸರಿನ ಖಾಲಿ ಫಂಕ್ಷನ್ ಕೊಡುತ್ತದೆ, ಅಷ್ಟೇ. ದಿನಕ್ಕೆ ಎಷ್ಟು ರೂಪಾಯಿ, ಭಾನುವಾರ ಲೆಕ್ಕಕ್ಕೆ ಬರುತ್ತದೆಯೇ ಎಂಬುದು ಚಿತ್ರದಲ್ಲೇ ಇಲ್ಲ. ಕೋಡ್‌ಗೆ ಎಲ್ಲಿಂದ ಬರಬೇಕು?

ಹಾಗಾದರೆ ಯಾವ ಟೂಲ್? ವರದಿಗೆ ಚಿತ್ರ ಮಾತ್ರ ಸಾಕಾದರೆ ಉಚಿತವಾದ ಡ್ರಾ.ಐಒ ಸಾಕು, ದುಡ್ಡು ಕೊಡಬೇಡಿ. ಪ್ಲಾಂಟ್‌ಯುಎಂಎಲ್, ಮರ್ಮೇಡ್‌ಗಳಲ್ಲಿ ನೀವು ಟೈಪ್ ಮಾಡಿದ್ದು ಚಿತ್ರವಾಗುತ್ತದೆ. ಕೋಡ್‌ನ ಚೌಕಟ್ಟು ಬೇಕಿದ್ದರೆ ಉಚಿತ ಅಂಬ್ರೆಲ್ಲೊ ಇದೆ. ಜಾವಾ, ಸಿ++, ಪೈಥಾನ್ ಮೂರಕ್ಕೂ ಆಗುತ್ತದೆ.

ನಿಜವಾದ ಅಪಾಯ ಎರಡನೇ ಸಲ ಕೋಡ್ ತೆಗೆಯುವಾಗ. ಖಾಲಿ ಜಾಗದಲ್ಲಿ ನೀವು ಕೂತು ಬರೆದಿದ್ದರ ಮೇಲೆ ಹೊಸ ಫೈಲ್ ಬಂದು ಕೂರಬಹುದು. ಅಂಬ್ರೆಲ್ಲೊ ಸೆಟ್ಟಿಂಗ್‌ನಲ್ಲಿ 'ಮೊದಲು ಕೇಳು' ಎಂಬ ಆಯ್ಕೆ ಇದೆಯೇ ನೋಡಿಕೊಳ್ಳಿ, ಹಳೆಯ ಫೋಲ್ಡರಿನ ಒಂದು ನಕಲನ್ನೂ ಇಟ್ಟುಕೊಳ್ಳಿ. ಒಟ್ಟಾವಾ ವಿಶ್ವವಿದ್ಯಾಲಯದ ಅಂಪಲ್‌ನಲ್ಲಿ ಈ ತಲೆನೋವು ಕಡಿಮೆ: ಮಾದರಿಯೂ ನಿಮ್ಮ ಕೋಡೂ ಒಂದೇ ಫೈಲಿನಲ್ಲಿರುತ್ತವೆ.

ಇನ್ನೊಂದು ಮಾತು, ಫಾರ್ವರ್ಡ್ ಮಾಡುವವರಿಗೆ. ಪ್ಲಾಂಟ್‌ಯುಎಂಎಲ್‌ನ ಆನ್‌ಲೈನ್ ಲಿಂಕಿನೊಳಗೇ ಇಡೀ ಡಯಾಗ್ರಾಂ ಅಡಗಿರುತ್ತದೆ. ಆಫೀಸಿನ ಕೆಲಸದ ಲಿಂಕನ್ನು ಗ್ರೂಪಿಗೆ ಹಾಕಿದರೆ ನಕ್ಷೆಯನ್ನೇ ಹಂಚಿದಂತೆ.