ತಲೆ ಎಣಿಕೆಗೆ ಕೇರಿ, ರಸ್ತೆಗೆ ಊರು

ಊರಿಗೆ ರಸ್ತೆ ಬಂತು, ಬಸ್ಸು ಬಂತು ಎಂದು ನಮ್ಮ ಗ್ರಾಮಚರಿತ್ರೆಗಳು ಸಂಭ್ರಮದಿಂದ ಬರೆದುಕೊಳ್ಳುತ್ತವೆ. ಊರು ಅಂದರೆ ಯಾವುದು ಎಂದು ಮಾತ್ರ ಕೇಳುವುದಿಲ್ಲ. ನಮ್ಮಲ್ಲಿ ಊರು ಬೇರೆ, ಕೇರಿ ಬೇರೆ. ಈ ಬೇರ್ಪಡೆ ಮಾತಿನಲ್ಲಿದೆ, ನೆಲದ ಮೇಲಿದೆ; ಸರ್ಕಾರದ ರಸ್ತೆ ಲೆಕ್ಕದಲ್ಲಿ ಕಾಣೆಯಾಗುತ್ತದೆ.

ಸಾರಿಗೆಯ ದಲಿತ ಚರಿತ್ರೆಯನ್ನು ಅಂಬೇಡ್ಕರ್ ಅವರಿಂದಲೇ ಶುರು ಮಾಡಬಹುದು. 1901ರಲ್ಲಿ ಮನೆಯ ಮಕ್ಕಳ ಜೊತೆ ತಂದೆಯಿದ್ದಲ್ಲಿಗೆ ಹೊರಟ ಬಾಲಕ ಭೀಮರಾವ್ ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಮಹಾರರ ಮಕ್ಕಳೆಂದು ತಿಳಿದದ್ದೇ ತಡ, ಗಾಡಿಯವರು ಒಲ್ಲೆ ಎಂದರು. ಕೊನೆಗೆ ಒಬ್ಬ ಒಪ್ಪಿದ: ಬಾಡಿಗೆ ಎರಡರಷ್ಟು, ಗಾಡಿ ಹೊಡೆಯಬೇಕಾದವರು ಮಕ್ಕಳೇ, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಅಂತ. 1929ರಲ್ಲಿ ಚಾಳೀಸ್‌ಗಾಂವ್‌ನಲ್ಲಿ ಮತ್ತದೇ ಕಥೆ. ಆಗ ಅವರು ಬ್ಯಾರಿಸ್ಟರ್. ಟಾಂಗಾದವರು ಬರಲೊಲ್ಲರು, ಅಭ್ಯಾಸವಿಲ್ಲದ ಕೇರಿಯವನೊಬ್ಬ ಟಾಂಗಾ ಹೊಡೆದ, ಅದು ಅಪಘಾತಕ್ಕೀಡಾಗಿ ಅಂಬೇಡ್ಕರ್ ಕಾಲು ಮುರಿಯಿತು. ರೈಲಿತ್ತು, ರಸ್ತೆಯಿತ್ತು, ಕೈಯಲ್ಲಿ ಕಾಸೂ ಇತ್ತು. ಕೂರಿಸಿಕೊಂಡು ಹೋಗುವವನು ಇರಲಿಲ್ಲ.

ಸಂವಿಧಾನದ 15ನೇ ವಿಧಿ ರಸ್ತೆಯನ್ನು ಎಲ್ಲರದು ಎಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಸಾರ್ವಜನಿಕ ವಾಹನದಲ್ಲಿ ಹತ್ತಗೊಡದಿರುವುದನ್ನು ಅಪರಾಧ ಮಾಡಿತು. ಬಸ್ಸಿನ ಟಿಕೆಟ್ಟು ಜಾತಿ ಕೇಳೋದಿಲ್ಲ. ಇದು ಸಣ್ಣ ಮಾತಲ್ಲ. ಆದರೆ ಟಿಕೆಟ್ಟು ಕೈಗೆ ಬರುವ ಮೊದಲು ಬಸ್ಸು ನಿಲ್ಲುವಲ್ಲಿಗೆ ಹೋಗಬೇಕಲ್ಲ?

ಇಲ್ಲಿ ಜನಗಣತಿಯ ರಾಜಕಾರಣ ಬರುತ್ತದೆ. 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ದೇಶವನ್ನು ಎಣಿಸುತ್ತ ಬಂದವರು ನಮ್ಮನ್ನು ಎಣಿಸದೆ ಬಿಟ್ಟಿಲ್ಲ. 2011ರ ಲೆಕ್ಕದಲ್ಲಿ ಕರ್ನಾಟಕದ ಪರಿಶಿಷ್ಟ ಜಾತಿಯವರು 1 ಕೋಟಿ 4 ಲಕ್ಷಕ್ಕೂ ಹೆಚ್ಚು, ನೂರಕ್ಕೆ 17 ಮಂದಿ. ಆದರೆ ಅದೇ ಗಣತಿಯ ಗ್ರಾಮ ಕೈಪಿಡಿಯಲ್ಲಿ ಬಸ್ಸಿನ ಪ್ರಶ್ನೆ ಕೇಳುವುದು ಇಡೀ ಕಂದಾಯ ಗ್ರಾಮಕ್ಕೆ: ಇದೆಯೋ ಇಲ್ಲವೋ? ಇಲ್ಲದಿದ್ದರೆ ಐದು ಕಿಲೋಮೀಟರ್ ಒಳಗೋ, ಹತ್ತರ ಒಳಗೋ, ಅದಕ್ಕೂ ಆಚೆಯೋ? ತಲೆ ಎಣಿಸುವಾಗ ಕೇರಿಯ ಜಾತಿಗೆ ಬೇರೆ ಕಲಂ ಇದೆ. ದಾರಿ ಅಳೆಯುವಾಗ ಕೇರಿ ಊರೊಳಗೆ ಕರಗಿಹೋಗುತ್ತದೆ.

2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಗ್ರಾಮವನ್ನು ಬಿಟ್ಟು ಜನವಸತಿಯನ್ನು ಘಟಕವಾಗಿ ಹಿಡಿಯಿತು. ಒಳ್ಳೆಯದೇ. ಬಯಲು ಸೀಮೆಯಲ್ಲಿ 500 ಜನರಿರುವ ವಸತಿಗೆ ರಸ್ತೆ. 500 ಮೀಟರ್ ತ್ರಿಜ್ಯದೊಳಗಿನ ವಸತಿಗಳ ಜನಸಂಖ್ಯೆಯನ್ನು ಕೂಡಿಸಬಹುದು. ಸರ್ವಋತು ರಸ್ತೆಯಿಂದ 500 ಮೀಟರ್ ಒಳಗಿದ್ದರೆ ಆ ವಸತಿ 'ಸಂಪರ್ಕವಿಲ್ಲದ್ದು' ಅಲ್ಲ. ಈಗ ಊರಿಂದ 400 ಮೀಟರ್ ದೂರದ ಒಂದು ಕೇರಿಯನ್ನು ಊಹಿಸಿಕೊಳ್ಳಿ. 500ರ ಲೆಕ್ಕ ತುಂಬಲು ಕೇರಿಯ ತಲೆ ಬೇಕು. ರಸ್ತೆ ಊರಬಾಗಿಲಲ್ಲಿ ನಿಂತರೂ ಕೇರಿಗೆ ರಸ್ತೆ ಮುಟ್ಟಿತು ಅಂತ ಲೆಕ್ಕ!

ನಾನೂರು ಮೀಟರ್ ಏನು ಮಹಾ, ನಡೀಬಹುದಲ್ಲ ಅನ್ನಬಹುದು ಇಂಜಿನಿಯರು. ಮಳೆಗಾಲದ ಕೆಸರಿನಲ್ಲಿ ನೋವು ತಿನ್ನುತ್ತಿರುವ ಬಸುರಿಯನ್ನು ಹೊತ್ತು ನಡೆಯುವವರಿಗೆ ಅದು ಬೇರೆ ಅಳತೆ. ಅವರ ಮನೆ ಮುಂದೆ ಹಾಯಬೇಕು, ಇವರ ಜಗಲಿಯ ಕಣ್ಣು ತಪ್ಪಿಸಬೇಕು ಎಂಬ ದೂರವನ್ನು ಅಳೆಯುವ ಸರಪಳಿ ಯಾವ ಇಲಾಖೆಯಲ್ಲೂ ಇಲ್ಲ. 2023ರಿಂದ ಕರ್ನಾಟಕದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಕೂಲಿಗೆ ಹೋಗುವ ಅವ್ವಂದಿರಿಗೆ ಅದು ನಿಜವಾದ ಬಲ. ಪುಕ್ಕಟೆಯಾದದ್ದು ಬಸ್ಸಿನೊಳಗಿನ ದಾರಿ. ಬಸ್ಸಿನವರೆಗಿನ ದಾರಿಗೆ ಇನ್ನೂ ಬೆಲೆ ತೆರಬೇಕು.

2027ರ ಗಣತಿಯಲ್ಲಿ ಎಲ್ಲ ಜಾತಿಗಳನ್ನೂ ಎಣಿಸುವುದಾಗಿ ಕೇಂದ್ರ ಸರ್ಕಾರ 2025ರಲ್ಲಿ ಹೇಳಿದೆ. ಎಣಿಸಲಿ. ಜೊತೆಗೆ ಪ್ರತಿ ಕೇರಿಯನ್ನೂ ಒಂದು ಸ್ಥಳವಾಗಿ ಬರೆದುಕೊಳ್ಳಲಿ: ಡಾಂಬರು ಎಲ್ಲಿಗೆ ನಿಂತಿದೆ, ಬಸ್ಸು ಯಾರ ಮನೆ ಮುಂದೆ ನಿಲ್ಲುತ್ತದೆ, ಆಂಬುಲೆನ್ಸು ಎಲ್ಲಿಂದ ತಿರುಗಿ ಹೋಗುತ್ತದೆ. ಈ ಮೂರು ಕಲಂ ಇಲ್ಲದ ಜನಸಂಖ್ಯೆ ನಮ್ಮ ತಲೆಯ ಲೆಕ್ಕ ಇಟ್ಟೀತು, ಕಾಲಿನ ಲೆಕ್ಕ ಇಡಲಾರದು.